ಹುಬ್ಬಳ್ಳಿಯ ಮೂರು ಹಾದಿ

ಬೆಂಗಳೂರಿನಿಂದ ರಾತ್ರಿ ಹೊರಟು ವಿಜಯಪುರದ ಕಡೆಗೆ ಸಾಗುವ ಗೋಲಗುಂಬಜ್ ಗಾಡಿಯಲ್ಲಿ ಹಲವು ವರ್ಷಗಳ ಹಿಂದೆ ನಾನು ಪ್ರಯಾಣ ಮಾಡುತ್ತಿದ್ದಾಗ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ಗಾಡಿಯು ಹುಬ್ಬಳ್ಳಿಯನ್ನು ಬಿಟ್ಟು ಚಲಿಸತೊಡಗಿದೊಡನೆ, ಎದುರಿನ ಹಲಗೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದ ವೃದ್ಧರೊಬ್ಬರು ಗಾಬರಿಯಿಂದ ಎದ್ದು ಕುಳಿತು, ಕಿಟಕಿಯ ಹೊರಗೆ ಸರಿಯುತ್ತಿದ್ದ ದೀಪಗಳನ್ನು ದಿಟ್ಟಿಸಿ, “ಯಾಕ್ರೀ ಸರ, ಗಾಡಿ ಹೊಳ್ಳಿ ಬೆಂಗಳೂರಿಗೆ ಹೊಂಟೈತೇನ್ರಿ?” ಎಂದು ಕೇಳಿದರು. ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಮೇಲಿನ ಹಲಗೆಯಿಂದ ತರುಣನೊಬ್ಬನು, “ಇಲ್ಲ ಯಜ್ಜಾ, ಇಂಜಿನ್ ಆ ಕಡೆ ಒಯ್ದು ಹಚ್ಯಾರ. ಗದಗಕ್ಕ ಹೋಗೂ ಹಾದಿನಽ ಹಿಂಗೈತಿ, ನೀವು ಮಲ್ಕೋರಿ” ಎಂದು ಸಮಾಧಾನ ಹೇಳಿದನು. ವೃದ್ಧರು ಮತ್ತೆ ಮಲಗಿದರು. ನನಗೆ ಮಾತ್ರ ನಿದ್ರೆ ಬರಲಿಲ್ಲ. ಒಂದು ಜಂಕ್ಷನ್ನಿನ ರಚನೆಯನ್ನೆಲ್ಲ ಆ ತರುಣನು ಎರಡು ಮಾತಿನಲ್ಲಿ ತಿಳಿಸಿಬಿಟ್ಟಿದ್ದನು.

ಹುಬ್ಬಳ್ಳಿಯಲ್ಲಿ ಕೂಡುವುವು ಮೂರು ಹಾದಿಗಳು. ಪಶ್ಚಿಮದ ಹಾದಿಯು ಧಾರವಾಡವನ್ನು ಹಾಯ್ದು, ಅಳ್ನಾವರದ ಕಾಡುಸೆರಗನ್ನು ಮುಟ್ಟಿ, ಲೋಂಡಾದಲ್ಲಿ ಕವಲೊಡೆದು, ಒಂದು ಕೈಯನ್ನು ಗೋವೆಯ ಕಡಲಿನ ಕಡೆಗೂ ಇನ್ನೊಂದನ್ನು ಬೆಳಗಾವಿ, ಮಿರಜ, ಪುಣೆಗಳ ಕಡೆಗೂ ಚಾಚುತ್ತದೆ. ಪೂರ್ವದ ಹಾದಿಯು ಎರೆಭೂಮಿಯ ನಡುವೆ ಗದಗವನ್ನು ಸೇರಿ, ಅಲ್ಲಿಂದ ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳ ಮೂಲಕ ಗುಂತಕಲ್ಲಿಗೆ ನಡೆದರೆ, ಗದಗದಿಂದಲೇ ಬೇರ್ಪಟ್ಟ ಕವಲೊಂದು ಬಾಗಲಕೋಟೆ, ವಿಜಯಪುರಗಳನ್ನು ದಾಟಿ ಸೊಲ್ಲಾಪುರದ ಮಗ್ಗುಲಿನ ಹೊಟಗಿಗೆ ಹೋಗುತ್ತದೆ. ದಕ್ಷಿಣದ ಹಾದಿಯು ಕುಂದಗೋಳ, ಹಾವೇರಿ, ಹರಿಹರ, ದಾವಣಗೆರೆ, ಅರಸೀಕೆರೆಗಳ ಹಾದಿ. ಅದರ ಕೊನೆಗೆ ಬೆಂಗಳೂರು. ಈ ಮೂರರಲ್ಲಿ ದಕ್ಷಿಣ ಮತ್ತು ಪೂರ್ವದ ಹಾದಿಗಳೆರಡೂ ನಿಲ್ದಾಣದ ಒಂದೇ ತುದಿಯಿಂದ ಒಳಹೊಗುವುದರಿಂದ, ಬೆಂಗಳೂರಿನಿಂದ ಬಂದು ಗದಗದ ಕಡೆಗೆ ತಿರುಗಬೇಕಾದ ಗಾಡಿಯು ನಿಲ್ದಾಣದಲ್ಲಿ ತನ್ನ ಇಂಜಿನ್ನನ್ನು ಬಿಚ್ಚಿಸಿಕೊಂಡು, ಬಾಲವಾಗಿದ್ದುದನ್ನು ತಲೆಯಾಗಿ ಮಾಡಿಕೊಂಡು, ಬಂದ ಬಾಗಿಲಿನಿಂದಲೇ ಹೊರಬೀಳಬೇಕಾಗುತ್ತದೆ. ಗೊತ್ತಿಲ್ಲದವರು ಗಾಬರಿಗೊಳ್ಳುವುದು ಸಹಜ.

ಈ ಹಳಿಗಳು ಇಲ್ಲಿಗೆ ಏಕೆ ಬಂದುವು ಎಂಬುದಕ್ಕೆ ಎರಡು ಕಾರಣಗಳು: ಹತ್ತಿ ಮತ್ತು ಹಸಿವು. ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಿಂದಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದೆ ಹೋದಾಗ, ಧಾರವಾಡ ಪ್ರಾಂತದ ಎರೆಹೊಲಗಳಲ್ಲಿ ಬೆಳೆಯುತ್ತಿದ್ದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಆದರೆ ಅದನ್ನು ಸಮುದ್ರಕ್ಕೆ ಮುಟ್ಟಿಸುವ ಬಗೆ ಮಾತ್ರ ಹಳೆಯದೇ ಆಗಿತ್ತು. ಹೊಲದ ಹತ್ತಿಯನ್ನು ಅಂಡಿಗೆ ಕಟ್ಟಿ ಚಕ್ಕಡಿಗಳಲ್ಲಿ ಹೇರಿ, ಸಹ್ಯಾದ್ರಿಯ ಘಟ್ಟವನ್ನಿಳಿಸಿ ಕುಮಟೆಯ ಬಂದರಿಗೆ ಒಯ್ಯುತ್ತಿದ್ದರು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಕುಮಟೆಯಲ್ಲಿ ಒಂದು ಗೇಣು ಹತ್ತಿಯನ್ನೂ ಬೆಳೆಯದಿದ್ದರೂ ಮುಂಬಯಿಯ ಪೇಟೆಯಲ್ಲಿ ಈ ಸೀಮೆಯ ಹತ್ತಿಗೆ ‘ಕುಮಟಾ ಹತ್ತಿ’ಯೆಂಬ ಹೆಸರು ನಿಂತದ್ದು ಆ ಚಕ್ಕಡಿಗಳ ಪ್ರಯಾಣದಿಂದ. ಚಕ್ಕಡಿಯ ದಾರಿ ಮಳೆಗಾಲದಲ್ಲಿ ಮುಚ್ಚಿಹೋಗುತ್ತಿದ್ದಿತು. ಬರಗಾಲದಲ್ಲಿ ಎತ್ತುಗಳೇ ಇರುತ್ತಿರಲಿಲ್ಲ.

1876ರಿಂದ 1878ರವರೆಗಿನ ಮಹಾಕ್ಷಾಮವು ಈ ಎರಡನೆಯ ಸಂಗತಿಯನ್ನು ಅತ್ಯಂತ ದಾರುಣವಾಗಿ ತೋರಿಸಿಕೊಟ್ಟಿತು. ಬಳ್ಳಾರಿ, ಧಾರವಾಡ, ಕಲಾದಗಿ, ಮೈಸೂರು ಸೀಮೆಗಳಲ್ಲಿ ಜನ ಅಕ್ಷರಶಃ ದಾರಿಯ ಬದಿಯಲ್ಲಿ ಬಿದ್ದು ಸತ್ತರು. ದೇಶದ ಬೇರೆಡೆಯಲ್ಲಿ ಧಾನ್ಯವಿದ್ದರೂ, ಮೇವಿಲ್ಲದೆ ಎತ್ತುಗಳು ಅಸುನೀಗಿದ್ದ ನಾಡಿನೊಳಕ್ಕೆ ಅದನ್ನು ತಂದು ಮುಟ್ಟಿಸುವ ಸಾಧನವಿರಲಿಲ್ಲ. ಸರಕಾರವು ನೇಮಿಸಿದ ಕ್ಷಾಮ ಆಯೋಗವು ಬರಪೀಡಿತ ಸೀಮೆಗಳಿಗೆ ರಕ್ಷಣೆಯಾಗುವಂಥ ರೈಲುದಾರಿಗಳನ್ನು ಕಟ್ಟಬೇಕೆಂದು ಸೂಚಿಸಿದುದರ ಫಲವಾಗಿ, 1882ರಲ್ಲಿ ‘ಸದರ್ನ್ ಮರಾಠಾ ರೈಲ್ವೆ’ ಎಂಬ ಕಂಪನಿಯು ಸ್ಥಾಪಿತವಾಯಿತು. ಕನ್ನಡ ಸೀಮೆಯಲ್ಲಿ ಹಾಸಿದ ಹಳಿಗೆ ‘ದಕ್ಷಿಣ ಮರಾಠಾ’ ಎಂಬ ಹೆಸರೇ ಎಂದು ಇಂದಿನ ಓದುಗನಿಗೆ ಅನ್ನಿಸಬಹುದು. ಆಂಗ್ಲರ ಕಡತಗಳಲ್ಲಿ ಆಗ ಧಾರವಾಡ, ಬೆಳಗಾವಿಗಳಿಗೆ ಇದ್ದ ಹೆಸರು ಅದೇ. ಆ ದಶಕ ಮುಗಿಯುವುದರೊಳಗಾಗಿ ಹೊಟಗಿಯಿಂದ ಗದಗಕ್ಕೆ, ಗದಗದಿಂದ ಹುಬ್ಬಳ್ಳಿಗೂ ಬಳ್ಳಾರಿಗೂ, ಹುಬ್ಬಳ್ಳಿಯಿಂದ ಹರಿಹರಕ್ಕೂ ಲೋಂಡಾಕ್ಕೂ ಮೀಟರ್ ಗೇಜಿನ ಹಳಿಗಳು ಹಬ್ಬಿದುವು. 1885ರಲ್ಲಿ ಹುಬ್ಬಳ್ಳಿಯಲ್ಲಿ ಗಾಡಿಗಳ ರಿಪೇರಿಗಾಗಿ ದೊಡ್ಡ ಕಾರ್ಖಾನೆಯೂ ತಲೆಯೆತ್ತಿತು.

ಹತ್ತಿಗೆ ಬೇಕಾದ ಕಡಲಿನ ಬಾಗಿಲು ಮಾತ್ರ ಕನ್ನಡ ಕರಾವಳಿಯಲ್ಲಿ ತೆರೆಯಲಿಲ್ಲ. ಆಂಗ್ಲರೂ ಪೋರ್ತುಗೀಸರೂ 1878ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಗೋವೆಯ ಮೊರ್ಮುಗೋವಾ ಬಂದರಿನಿಂದ ಘಟ್ಟದ ಮೇಲಣ ಕ್ಯಾಸಲ್‌ರಾಕ್‌ವರೆಗೆ ಮತ್ತೊಂದು ಕಂಪನಿಯು ಹಳಿ ಹಾಸಿತು. ಲೋಂಡಾದ ಕಡೆಯಿಂದ ಬಂದ ಹಳಿ ಅಲ್ಲಿ ಅದನ್ನು ಕೂಡಿಕೊಂಡಿತು. ದೂಧಸಾಗರದ ಜಲಪಾತದ ಮಗ್ಗುಲಿಗೇ ಹಾಯುವ ಆ ಇಳಿಜಾರಿನಲ್ಲಿ 37 ಅಡಿ ನಡೆದರೆ 1 ಅಡಿ ಇಳಿಯಬೇಕು. ಇಂದಿಗೂ ಮೇಲೇರುವ ಭಾರದ ಗಾಡಿಗಳಿಗೆ ಹಿಂದಿನಿಂದ ಒತ್ತುವ ಇಂಜಿನ್ನುಗಳನ್ನು ಹಚ್ಚಬೇಕಾಗುತ್ತದೆ. ಕುಮಟೆ, ಕಾರವಾರಗಳ ಬಂದರುಗಳು ಅಂದಿನಿಂದ ಸೊರಗತೊಡಗಿದುವು. ಕಡಲಿಗೆ ನಮ್ಮದೇ ಆದ ದಾರಿಯೊಂದಿರಲಿ ಎಂಬ ಆಶೆಯಿಂದ 1990ರ ದಶಕದಲ್ಲಿ ಕೈಗೆತ್ತಿಕೊಂಡ ಹುಬ್ಬಳ್ಳಿ–ಅಂಕೋಲಾ ಮಾರ್ಗವು, ಸಹ್ಯಾದ್ರಿಯ ಅರಣ್ಯವನ್ನು ಸೀಳಿ ಹೋಗಬೇಕಾದುದರಿಂದ, ವಾದವಿವಾದಗಳಲ್ಲಿ ಸಿಕ್ಕಿಕೊಂಡು ಎಷ್ಟೋ ವರ್ಷಗಳು ಕಳೆದಿವೆ. ಕಾಡೂ ಬೇಕು, ಕಡಲಿನ ದಾರಿಯೂ ಬೇಕು ಎನ್ನುವವನು ನಾನು. ಆದರೆ ಕಡಿದ ಕಾಡನ್ನು ಮತ್ತೆ ಹಾಸಲಾಗದು ಎಂಬುದನ್ನು ಬಲ್ಲೆನಾಗಿ, ಈ ವಿಳಂಬಕ್ಕಾಗಿ ಯಾರನ್ನೂ ದೂರಲಾರೆ.

ಹತ್ತಿಯ ಸಲುವಾಗಿ, ಕ್ಷಾಮದ ಸಲುವಾಗಿ ಪರರು ಹಾಸಿದ ಈ ಕಬ್ಬಿಣದ ಹಾದಿಗಳು ಹಾಸಿದವರ ಎಣಿಕೆಯಲ್ಲಿಲ್ಲದ ಒಂದು ಕೆಲಸವನ್ನೂ ಮಾಡಿದುವು ಎಂಬುದನ್ನು ಹೇಳುವುದಕ್ಕಾಗಿಯೇ ನಾನು ಈ ಲೇಖನವನ್ನು ಕೈಗೆತ್ತಿಕೊಂಡದ್ದು. 1940ರ ಸುಮಾರಿನಲ್ಲಿ ಹುಬ್ಬಳ್ಳಿಯಿಂದ ಬಳ್ಳಾರಿಗೆ ಹೊರಟ ಪ್ರಯಾಣಿಕನನ್ನು ಕಲ್ಪಿಸಿಕೊಳ್ಳಿರಿ. ಅವನು ಗಾಡಿ ಹತ್ತುವುದು ಮುಂಬಯಿ ಪ್ರಾಂತದಲ್ಲಿ. ಗದಗ ದಾಟಿ ಕೊಪ್ಪಳಕ್ಕೆ ಬಂದಾಗ ಅವನಿರುವುದು ಹೈದರಾಬಾದಿನ ನಿಜಾಮನ ರಾಜ್ಯದಲ್ಲಿ, ಅಲ್ಲಿಯ ಅಂಗಡಿಯಲ್ಲಿ ಬೇರೆಯದೇ ಹಾಲಿ ರೂಪಾಯಿ. ಮುನಿರಾಬಾದಿನ ಬಳಿ ತುಂಗಭದ್ರೆಯನ್ನು ದಾಟಿ ಹೊಸಪೇಟೆಯಲ್ಲಿಳಿದರೆ ಅದು ಮದರಾಸು ಪ್ರಾಂತ. ದಕ್ಷಿಣಕ್ಕೆ ಹೊರಟವನ ಅವಸ್ಥೆಯೂ ಹಾಗೆಯೇ: ಹುಬ್ಬಳ್ಳಿಯಿಂದ ಒಂದು ಗಳಿಗೆಯ ದಾರಿಯಾದ ಕುಂದಗೋಳವು ಜಮಖಂಡಿ ಸಂಸ್ಥಾನಿಕರದು, ಅದರಾಚೆಗೆ ಸವಣೂರಿನ ನವಾಬರ ಸೀಮೆ, ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ಮೈಸೂರು ಮಹಾರಾಜರ ರಾಜ್ಯ. ಪಶ್ಚಿಮಕ್ಕೆ ಹೋದರೆ ಕ್ಯಾಸಲ್‌ರಾಕ್‌ನಾಚೆ ಪೋರ್ತುಗೀಸರ ಆಳಿಕೆ. ಅಲ್ಲಿ ಸುಂಕದವರು ಗಂಟುಮೂಟೆಗಳನ್ನು ಬಿಚ್ಚಿಸುವರು. ಇಷ್ಟು ಸರಕಾರಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗನಿಗೆ ತನ್ನ ನಾಡು ಒಂದೇ ಎಂದು ಕಣ್ಣಾರೆ ಕಾಣುವ ಸಂದರ್ಭವು ಒದಗುತ್ತಿದ್ದುದು, ನನಗೆ ತೋರುವ ಮಟ್ಟಿಗೆ, ಹುಬ್ಬಳ್ಳಿಯ ಪ್ಲಾಟ್‌ಫಾರಂ ಮೇಲೆ ಗಾಡಿ ಬದಲಿಸುವಾಗಲೇ. ಬಳ್ಳಾರಿಯವನೂ ದಾವಣಗೆರೆಯವನೂ ವಿಜಯಪುರದವನೂ ಬೆಳಗಾವಿಯವನೂ ಒಂದೇ ಬೆಂಚಿನ ಮೇಲೆ ಕುಳಿತು, ಒಬ್ಬರ ಮಾತು ಇನ್ನೊಬ್ಬರಿಗೆ ತುಸು ವಿಚಿತ್ರವಾಗಿ ಕೇಳಿಸಿದರೂ ಅದೇ ಮಾತು ಎಂಬುದನ್ನು ಅರಿತದ್ದು ಅಲ್ಲಿ. 1956ರ ನವೆಂಬರ್ 1ರಂದು ರಾಜ್ಯವು ಒಂದಾಯಿತು. ರೈಲು ಟಿಕೇಟಿನ ಮೇಲೆ ಅದು ಎಷ್ಟೋ ಮೊದಲೇ ಒಂದಾಗಿತ್ತು. ಏಕೀಕರಣದ ಕಾವು 1953ರಲ್ಲಿ ಅದರಗುಂಚಿ ಶಂಕರಗೌಡ ಪಾಟೀಲರ ಉಪವಾಸದ ಕಾಲಕ್ಕೆ ಹುಬ್ಬಳ್ಳಿಯ ಬೀದಿಗಳಲ್ಲಿಯೇ ಭುಗಿಲೆದ್ದುದು ಆಕಸ್ಮಿಕವೆಂದು ನಾನು ಎಣಿಸುವುದಿಲ್ಲ.

ಹಳಿಗಳ ಮೇಲೆ ಹತ್ತಿಯ ಅಂಡಿಗೆಗಳು ಹೋದ ಹಾಗೆಯೇ ಸಂಗೀತವೂ ಬಂದಿತು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆಸಿ, ಮೈಸೂರಿನ ಆಸ್ಥಾನಕ್ಕೆ ಹೋಗಿ ಬರುವಾಗ ಹಾದಿಯ ಮೇಲಿನ ಧಾರವಾಡದಲ್ಲಿ ತಂಗುತ್ತಿದ್ದರು. ಮಿರಜದಿಂದ ಮೈಸೂರಿಗೆ ಹೋಗುವ ಆ ಹಾದಿ ಯಾವುದೆಂದರೆ ಹುಬ್ಬಳ್ಳಿಯನ್ನು ಹಾಯುವ ಇದೇ ಮೀಟರ್ ಗೇಜಿನ ಹಾದಿ. ಅವರಿಂದ ವಿದ್ಯೆ ಪಡೆದ ಕುಂದಗೋಳದ ರಾಮಭಾವು ‘ಸವಾಯಿ ಗಂಧರ್ವ’ರೆನಿಸಿದರು. ಗದಗಿನ ಬಾಲಕ ಭೀಮಸೇನ ಜೋಶಿಯು 1933ರಲ್ಲಿ, ಕೈಯಲ್ಲಿ ಕಾಸಿಲ್ಲದೆ, ಗುರುವನ್ನರಸಿ ಮನೆಬಿಟ್ಟು ಗಾಡಿ ಹತ್ತಿ, ಟಿಕೇಟು ಕೇಳಿದವರಿಗೆ ಹಾಡಿ ತೋರಿಸುತ್ತ ಉತ್ತರ ಹಿಂದುಸ್ಥಾನವನ್ನೆಲ್ಲ ಸುತ್ತಿ, ಕಡೆಗೆ ಗುರುವನ್ನು ಕಂಡುಕೊಂಡದ್ದು ಮನೆಯ ಮಗ್ಗುಲಿನ ಕುಂದಗೋಳದಲ್ಲಿ! ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು 1930ರ ದಶಕದ ಕೊನೆಯ ವರ್ಷಗಳಲ್ಲಿ ಅದೇ ಗುರುವಿನ ಬಳಿ ಕಲಿಯುವುದಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ರೈಲಿನಲ್ಲಿಯೇ ಮರಳುತ್ತಿದ್ದರು. ಹಾಡುವ ಹೆಂಗಸೆಂದು ಬೀದಿಯಲ್ಲಿ ಹಂಗಿಸುವವರಿದ್ದ ಕಾಲವದು. ಪಾಠ ಮುಗಿಸಿ ಇರುಳಿನ ಗಾಡಿಗಾಗಿ ಆ ಸಣ್ಣ ನಿಲ್ದಾಣದಲ್ಲಿ ಕಾದು, ಹುಬ್ಬಳ್ಳಿಯಲ್ಲಿಳಿದು ಮನೆಗೆ ನಡೆಯುವವರೆಗೂ ಒಂದೇ ಪಲುಕನ್ನು ಮನಸ್ಸಿನಲ್ಲಿ ಮಗುಚುತ್ತಿದ್ದಿರಬೇಕು ಎಂದು ನಾನು ಎಷ್ಟೋ ಸಲ ಭಾವಿಸಿಕೊಂಡಿದ್ದೇನೆ. ಕುಂದಗೋಳದ ಆ ಗಾಡಿಯ ಚರಿತ್ರೆಯನ್ನು ಯಾವ ಕಂಪನಿಯ ವರದಿಯೂ ಬರೆದಿಡಲಿಲ್ಲ. ನಮ್ಮ ಕಿವಿಗಳಲ್ಲಿ ಅದು ಉಳಿದಿದೆ.

ಕಾರ್ಖಾನೆಯ ವಿಚಾರಕ್ಕೆ ಬರೋಣ. ಹುಬ್ಬಳ್ಳಿಯ ಜನ ಅದನ್ನು ಇಂದಿಗೂ ‘ವರ್ಕ್‌ಶಾಪ್’ ಎಂದೇ ಕರೆಯುತ್ತಾರೆ. ಅದರ ಭೋಂಗಾ ಕೂಗಿದೊಡನೆ ಊರಿನ ಅರ್ಧ ಭಾಗದ ಮನೆಗಳಲ್ಲಿ ಒಲೆಯ ಮೇಲಿನ ಚಹ ಇಳಿಯುತ್ತಿದ್ದ ಕಾಲವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಕಮ್ಮಾರನ ಮಗ ಫಿಟ್ಟರನಾದನು, ಬಡಗಿಯ ಮಗ ಡಬ್ಬಿಗಳ ಮರಗೆಲಸ ಕಲಿತನು. ತಮಿಳರೂ ತೆಲುಗರೂ ಮರಾಠಿಗರೂ ಆಂಗ್ಲೋ ಇಂಡಿಯನ್ನರೂ ರೈಲ್ವೆ ಚಾಳುಗಳಲ್ಲಿ ನೆರೆಹೊರೆಯವರಾಗಿ ಬಾಳಿ, ಎರಡನೆಯ ತಲೆಮಾರಿಗೆ ಹುಬ್ಬಳ್ಳಿಯ ಗಂಡುಗನ್ನಡವನ್ನೇ ಆಡತೊಡಗಿದರು. ಉಗಿಯ ಇಂಜಿನ್ನುಗಳ ಕಾಲ ಹೋಗಿ ಈಗ ಅಲ್ಲಿ ಪ್ರಯಾಣಿಕರ ಡಬ್ಬಿಗಳ ದುರಸ್ತಿ ನಡೆಯುತ್ತದೆ. ಊರಿನ ಡೀಸೆಲ್ ಇಂಜಿನ್ನುಗಳ ಶೆಡ್ಡು ದೇಶದಲ್ಲಿಯೇ ಹೆಸರಾಂತದ್ದು. ಗದಗ ರಸ್ತೆಯಲ್ಲಿ 2020ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಗಡಿಯಾರ, ಕಂದೀಲು, ಸಿಗ್ನಲ್ ಸಲಕರಣೆಗಳನ್ನು ಕಾಣಬಹುದು. ಮಕ್ಕಳನ್ನು ಕರೆದೊಯ್ಯಬೇಕಾದ ಸ್ಥಳ.

ಆಡಳಿತದ ಕಥೆಯು ಇದಕ್ಕಿಂತ ವಿಚಿತ್ರವಾದದ್ದು. ಸದರ್ನ್ ಮರಾಠಾ ಕಂಪನಿಯ ಮುಖ್ಯ ಕಚೇರಿಯು ಧಾರವಾಡದಲ್ಲಿತ್ತು. 1908ರಲ್ಲಿ ಆ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿ ‘ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ’ಯಾದ ಮೇಲೆ ಅಧಿಕಾರದ ಕೇಂದ್ರವು ಮದರಾಸಿಗೆ ಸರಿಯಿತು, ಧಾರವಾಡದಲ್ಲಿ ತೆರವಾದ ಆ ಭವ್ಯ ಕಟ್ಟಡವು, 1917ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜಿಗೆ ದೊರೆಯಿತು. ಸರಕು ಸಾಗಣೆಯ ಲೆಕ್ಕ ಬರೆಯುತ್ತಿದ್ದ ಕೊಠಡಿಗಳಲ್ಲಿ ವಿ. ಕೃ. ಗೋಕಾಕರಂಥವರು ಕುಳಿತು ಓದಿದರು. ಇಂಥ ಸುಂದರವಾದ ವಿನಿಮಯವು ನಮ್ಮ ನಾಡಿನಲ್ಲಿ ಹೆಚ್ಚು ನಡೆದಿಲ್ಲ. ಮುಂದೆ 1951ರ ಏಪ್ರಿಲ್ 14ರಂದು ಮೈಸೂರು ರಾಜ್ಯದ ರೈಲ್ವೆಯೂ ಸೇರಿದಂತೆ ಮೂರು ಸಂಸ್ಥೆಗಳು ಕೂಡಿ ದಕ್ಷಿಣ ರೈಲ್ವೆಯಾದಾಗ ಹುಬ್ಬಳ್ಳಿಯು ಅದರೊಳಗೆ ಹೋಯಿತು. 1966ರ ಅಕ್ಟೋಬರ್ 2ರಂದು ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಯ ಕೈಗೆ ಬಂದಿತು. ಒಂದು ಗಾಡಿಯನ್ನು ಬೇಡುವುದಕ್ಕೂ ಹೊರರಾಜ್ಯದ ಕಚೇರಿಯ ಬಾಗಿಲು ಬಡಿಯಬೇಕಾದ ಈ ಸ್ಥಿತಿಯ ವಿರುದ್ಧ ಜನ ದೀರ್ಘಕಾಲ ಹೋರಾಡಿದುದರಿಂದ, ಹುಬ್ಬಳ್ಳಿಯನ್ನೇ ಕೇಂದ್ರವಾಗುಳ್ಳ ನೈಋತ್ಯ ರೈಲ್ವೆ ವಲಯವು 2003ರ ಏಪ್ರಿಲ್ 1ರಿಂದ ಕಾರ್ಯಾರಂಭ ಮಾಡಿತು. ಹುಬ್ಬಳ್ಳಿ, ಬೆಂಗಳೂರು, ಮೈಸೂರು ಇವು ಅದರ ವಿಭಾಗಗಳು. ಧಾರವಾಡದಿಂದ ಹೊರಟುಹೋದ ಮುಖ್ಯ ಕಚೇರಿಯು ಹೀಗೆ ಸುಮಾರು ಒಂದು ಶತಮಾನದ ತರುವಾಯ 20 ಕಿಲೋಮೀಟರಿನಾಚೆ ಬಂದು ನಿಂತಿತು.

ಮೀಟರ್ ಗೇಜ್ ಎಂದರೆ ಹಳಿಗಳ ನಡುವೆ 1000 ಮಿಲಿಮೀಟರು, ಬ್ರಾಡ್ ಗೇಜ್ ಎಂದರೆ 1676. ಈ ಎರಡಡಿಯ ಅಂತರವು ಎಷ್ಟು ಜನರ ಎಷ್ಟು ರಾತ್ರಿಗಳ ನಿದ್ರೆಯನ್ನು ಕೆಡಿಸಿತೆಂಬುದನ್ನು ಅನುಭವಿಸಿದವರೇ ಬಲ್ಲರು. ಮುಂಬಯಿಯಿಂದ ಬರುವ ನಾವು ಮಿರಜದಲ್ಲಿ ದೊಡ್ಡ ಗಾಡಿಯಿಂದಿಳಿದು, ಹಾಸಿಗೆಯ ಸುರುಳಿಯನ್ನೂ ಟ್ರಂಕುಗಳನ್ನೂ ಹಮಾಲರ ತಲೆಗೇರಿಸಿ, ಮಕ್ಕಳ ಕೈ ಹಿಡಿದು, ಆಚೆಯ ಪ್ಲಾಟ್‌ಫಾರಂನಲ್ಲಿ ನಿಂತ ಚಿಕ್ಕ ಗಾಡಿಯಲ್ಲಿ ಸ್ಥಳ ಹಿಡಿಯಲು ಓಡುತ್ತಿದ್ದೆವು. 1990ರ ದಶಕದಲ್ಲಿ ಹುಬ್ಬಳ್ಳಿಯ ಹಾದಿಗಳು ಬ್ರಾಡ್ ಗೇಜಿಗೆ ಬದಲಾದ ಮೇಲೆ ಆ ಓಟ ನಿಂತಿತು. ಬಳ್ಳಾರಿ, ಹೊಸಪೇಟೆಗಳ ಅದಿರನ್ನು ಕಡಲಿಗಿಳಿಸುವ, ಬಂದರಿನ ಕಲ್ಲಿದ್ದಲನ್ನು ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಗೆ ಏರಿಸುವ ಉದ್ದುದ್ದದ ಸರಕು ಗಾಡಿಗಳು ಹುಬ್ಬಳ್ಳಿಯನ್ನು ಹಾಯತೊಡಗಿದುವು.

ಈ ಒತ್ತಡದಿಂದಲೇ ನಿಲ್ದಾಣದ ಯಾರ್ಡನ್ನು ಹೊಸದಾಗಿ ಜೋಡಿಸಬೇಕಾಗಿ ಬಂದು, ಐದಿದ್ದ ಪ್ಲಾಟ್‌ಫಾರಂಗಳು ಎಂಟಾದುವು. 2023ರ ಮಾರ್ಚ್ 12ರಂದು ಪ್ರಧಾನಮಂತ್ರಿಗಳು ಲೋಕಾರ್ಪಣ ಮಾಡಿದ ಎಂಟನೆಯ ಪ್ಲಾಟ್‌ಫಾರಂನ ಉದ್ದ 1507 ಮೀಟರು. ಅಲ್ಲಿಯವರೆಗೆ ಮೊದಲಿಗನಾಗಿದ್ದ ಗೋರಖಪುರದ್ದು 1366. ಜಗತ್ತಿನಲ್ಲಿಯೇ ಇಷ್ಟು ಉದ್ದದ್ದು ಬೇರೆಲ್ಲಿಯೂ ಇಲ್ಲವೆಂದು ಊರಿನವರು ಹೆಮ್ಮೆಪಡುವುದು ಯುಕ್ತವೇ. ಆದರೆ ಈ ಉದ್ದವು ಮೆರವಣಿಗೆಗಾಗಿ ಅಲ್ಲ. 24 ಡಬ್ಬಿಗಳ ಗಾಡಿಯೊಂದು ಇಂಜಿನ್ನೂ ಸೇರಿ ಸುಮಾರು 600 ಮೀಟರ್ ಇರುವುದರಿಂದ, ಇಲ್ಲಿ ಎರಡು ಪೂರ್ಣ ಗಾಡಿಗಳು ಒಂದರ ಹಿಂದೊಂದು ನಿಂತು, ಒಂದು ಪಶ್ಚಿಮಕ್ಕೂ ಇನ್ನೊಂದು ಪೂರ್ವಕ್ಕೂ ಏಕಕಾಲದಲ್ಲಿ ಹೊರಡಬಹುದು. ಹೊರಗೆ ಸಿಗ್ನಲ್ಲಿಗಾಗಿ ಕಾಯುತ್ತ ನಿಲ್ಲುವ ಗಾಡಿಯ ಒಳಗೆ ಕುಳಿತು ಚಡಪಡಿಸಿದವರಿಗೆ ಇದರ ಬೆಲೆ ಗೊತ್ತು. ಪ್ರಯಾಣಿಕರಿಗೆ ಒಂದು ಮಾತು: ಗಾಡಿಯು ಆ ಉದ್ದದ ಯಾವ ತುದಿಯಲ್ಲಿ ನಿಲ್ಲುವುದೆಂಬುದನ್ನು ಮೊದಲೇ ಕೇಳಿಕೊಳ್ಳಿರಿ; ವಯಸ್ಸಾದವರಿಗೆ ಈ ತುದಿಯಿಂದ ಆ ತುದಿಗೆ ನಡೆಯಲು ಇಪ್ಪತ್ತೈದು ನಿಮಿಷ ಹಿಡಿದೀತು. ಲಿಫ್ಟು, ಎಸ್ಕಲೇಟರು, ತಂಗುವ ಕೊಠಡಿಗಳು, ಗದಗ ರಸ್ತೆಯ ಕಡೆಯಿಂದಲೂ ಒಳಬರುವ ಬಾಗಿಲು ಇವೆಲ್ಲ ಈಗ ಇವೆ. ಕುಳಿತು ಕಾಯುವ ಬೆಂಚುಗಳು ಇನ್ನೂ ಹೆಚ್ಚಬೇಕೆಂದು ನನ್ನ ಆಗ್ರಹ. ಜಂಕ್ಷನ್ನಿನ ಮೊದಲ ಧರ್ಮವು ಕಾಯುವವರಿಗೆ ಎಡೆ ಕೊಡುವುದು.

2020ರಿಂದ ಈ ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರು. ಜಾತಿಮತಗಳ ಎಣಿಕೆಯಿಲ್ಲದೆ ಬಂದವರನ್ನೆಲ್ಲ ಕೂಡಿಸಿಕೊಂಡು 1929ರಲ್ಲಿ ದೇಹ ಬಿಟ್ಟ ಆ ಮಹಾತ್ಮರ ಮಠಕ್ಕೆ ಶಿವರಾತ್ರಿಯ ತೇರಿನ ದಿನಗಳಲ್ಲಿ ಬರುವ ಭಕ್ತರು, ಬುತ್ತಿಯ ಗಂಟನ್ನು ಬಿಚ್ಚಿ ಪ್ಲಾಟ್‌ಫಾರಂ ಮೇಲೆಯೇ ಪಂಕ್ತಿ ಕೂಡುವುದುಂಟು. ಗದಗದ ಕಡೆಯ ಗಾಡಿಗಳಲ್ಲಿ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳನ್ನು ಅಲ್ಲಿ ನೋಡಬೇಕು. ಬಿಳಿಯ ಅರಿವೆಯಡಿಯಲ್ಲಿ ಹಾಳೆಯಂತೆ ತೆಳ್ಳಗಿನ ಜೋಳದ ರೊಟ್ಟಿ, ಅದರ ಮೇಲೊಂದು ಚಮಚೆ ಶೇಂಗಾ ಚಟ್ನಿ, ಕೆಂಪು ಖಾರ, ಮೊಸರು. ಒಬ್ಬಾಕೆ ರೊಟ್ಟಿಯನ್ನು ನನ್ನ ಕೈಗೆ ಕೊಟ್ಟು, ರೊಕ್ಕ ಎಣಿಸಿಕೊಂಡು, ನಾನು ಒಂದೇ ಸಾಕೆಂದದ್ದಕ್ಕೆ “ಒಂದು ರೊಟ್ಟಿ ಯಾವ ಹೊಟ್ಟಿಗ್ರೀ ಅಣ್ಣಾರ?” ಎಂದು ಇನ್ನೊಂದನ್ನು ಹಾಗೆಯೇ ಇಟ್ಟು ಮುಂದೆ ಹೋದಳು.

ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳದ ನಾಡಗೀರ ವಾಡೆಯಲ್ಲಿ ವರ್ಷಕ್ಕೊಮ್ಮೆ ಸಂಗೀತೋತ್ಸವ ನಡೆಯುತ್ತದೆ. ಒಂದು ವರ್ಷ ಇರುಳೆಲ್ಲ ಕೇಳಿ, ಬೆಳಗಿನ ಗಾಡಿಗೆಂದು ಕುಂದಗೋಳದ ನಿಲ್ದಾಣಕ್ಕೆ ಬಂದೆನು. ಗವಸು ಹಾಕಿದ ತಂಬೂರಿಯೊಂದನ್ನು ಮಗುವಿನಂತೆ ಎದೆಗೊತ್ತಿಕೊಂಡು ಹುಡುಗಿಯೊಬ್ಬಳು ತಂದೆಯ ಪಕ್ಕದಲ್ಲಿ ನಿಂತಿದ್ದಳು. ಹುಬ್ಬಳ್ಳಿಯ ಗಾಡಿ ಬಂದಿತು. ಜನರ ನೂಕಾಟದಲ್ಲಿ ತಂಬೂರಿಯನ್ನು ಹೇಗೆ ಏರಿಸುವುದೆಂದು ಅವಳು ಅನುಮಾನಿಸುತ್ತಿದ್ದಾಗ, ಬಾಗಿಲಲ್ಲಿ ಕುಳಿತಿದ್ದ ಹಾಲಿನವನು ತನ್ನ ಕ್ಯಾನುಗಳನ್ನು ಒಂದು ಕಡೆಗೆ ಸರಿಸಿ, ಎರಡೂ ಕೈ ಚಾಚಿ, “ಕೊಡವ್ವಾ ತಂಗಿ, ಹುಬ್ಬಳ್ಳಿ ಬರೂತನಕ ನಾ ಹಿಡ್ಕೋತೀನಿ” ಎಂದನು.